ಕಾದಿ ಎಂದರೆ ಕಾಯುವುದಲ್ಲ

ಹಿರೇಕಣಿವೆ
ಬಿಸಿಲ್ಮಾಸದ ನಲವತ್ತೊಂದನೆಯ ದಿನ, 2391

ಚಿತ್ರಕಥೆಗಾರ ಮರುಳಾರಾಧ್ಯರಿಗೆ ನೀಲಗಂಗವ್ವ ಕೇತಯ್ಯನವರ ಎಂಬುವಳು ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆ ಉದ್ದವಾಗಿ, ಅದರ ಕೊನೆಯ ತಿಂಗಳಿಗೆ ಐವತ್ತು ದಿನ ಕೊಟ್ಟಿದ್ದೇವೆ. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕದಿಂದ ಕಲಿತವಳು. ಈ ಕಾಗದ ಹಿನ್ನೋಲೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಂದು ಮನೆತನಕ್ಕೆ ಒಂದೇ ಕಾಗದ, ಒಂದೇ ಸಲ. ಅದಕ್ಕೇ ಒಂದೊಂದು ಸಾಲನ್ನೂ ಎರಡೆರಡು ಸಲ ಓದಿ ಮುಂದಕ್ಕೆ ಹೋಗುತ್ತಿದ್ದೇನೆ.

ನೀವು ಈಗ ನಮ್ಮ ಊರಿನ ಕೋಟೆಯ ಬಗ್ಗೆ ಸಿನಿಮಾ ಬರೆಯುತ್ತಿದ್ದೀರಿ. ಬಾಗಿಲ ಕಾವಲಿನ ಕೇತಯ್ಯ, ಅಂದರೆ ನಮ್ಮ ಮನೆತನದ ಮೂಲಪುರುಷ, ಹಗೆಗಳಿಗಾಗಿ ಕಾದು ಕುಳಿತು, ಅವರು ಬಂದೊಡನೆ ಅಗುಳಿ ಸರಿಸುವ ದೃಶ್ಯ ಇನ್ನೂ ಚಿತ್ರೀಕರಣವಾಗಿಲ್ಲ ಎಂದು ನನ್ನ ಎಣಿಕೆ. ಎಣಿಕೆ ತಪ್ಪಿದ್ದರೆ ನನ್ನ ಮಗಳ ಗತಿ ಮುಗಿಯಿತು.

ನಿಮಗೆ ನಗು ಬರಬಹುದು. ನಮ್ಮ ಕಾಲದಲ್ಲಿ ನಟನೆ ಎಂಬುದೇ ಇಲ್ಲ, ಪಟದಲ್ಲಿ ಕಂಡದ್ದೆಲ್ಲ ನಡೆದದ್ದೇ ಎಂದು ಜನ ನಂಬುತ್ತಾರೆ. ನೂರೈವತ್ತು ವರ್ಷದ ಹಿಂದೆ ಹುಸಿಪಟಗಳು, ಅಂದರೆ ಯಂತ್ರಗಳು ಹೆಣೆದ ಸುಳ್ಳು ದೃಶ್ಯಗಳು, ಊರೂರುಗಳನ್ನೇ ಹೊಡೆದಾಡಿಸಿದವು. ಆಮೇಲೆ ಸರ್ಕಾರದ ಮುದ್ರೆ ಇಲ್ಲದ ಪಟಗಳನ್ನೆಲ್ಲ ಅಳಿಸಿದರು. ನಮ್ಮ ಊರಿನ ಬಗ್ಗೆ ಇದ್ದವುಗಳಲ್ಲಿ ನಿಮ್ಮ ಸಿನಿಮಾ ಮಾತ್ರ ಉಳಿಯಿತು, ಏಕೆಂದರೆ ಮೊದಲಿಗೇ ಸೆನ್ಸಾರ್ ಪ್ರಮಾಣಪತ್ರ ಬರುತ್ತದಲ್ಲ! ಅದನ್ನು ನಮ್ಮ ಪಂಚರು ಸತ್ಯಕ್ಕೆ ಸರ್ಕಾರ ಕೊಟ್ಟ ಪ್ರಮಾಣ ಎಂದೇ ಓದುತ್ತಾರೆ. ಪಾತ್ರಗಳೆಲ್ಲ ಕಾಲ್ಪನಿಕ ಎಂಬ ನಿಮ್ಮ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

ವರ್ಷಕ್ಕೊಮ್ಮೆ ಊರವರೆಲ್ಲ ಮಂಡಕ್ಕಿ ಕಟ್ಟಿಕೊಂಡು ಹೋಗಿ ಆ ಪಟ ನೋಡುತ್ತೇವೆ. ಕೇತಯ್ಯ ಅಗುಳಿ ಸರಿಸುವಾಗ ಊರಿಗೆ ಊರೇ ಥೂ ಎಂದು ಉಗಿಯುತ್ತದೆ. ನಾವೂ ಉಗಿಯುತ್ತೇವೆ, ಉಗಿಯದಿದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಮ್ಮ ಮನೆತನದವರ ಕೈಗೆ ಯಾರೂ ಬೀಗದ ಕೈ ಕೊಡುವುದಿಲ್ಲ. ನಮ್ಮದೇ ಮನೆಯ ಬೀಗದ ಕೈ ಪಕ್ಕದ ಮನೆಯ ಗೂಟದಲ್ಲಿ ನೇತಾಡುತ್ತದೆ. ಸಂತೆಗೆ ಹೋಗಿ ಬಂದರೆ, ‘ಅಕ್ಕಾ, ಒಂಚೂರು ಬಾಗ್ಲು ತಕ್ಕೊಡ್ರಿ’ ಎಂದು ಅಂಗಲಾಚಬೇಕು.

ನನ್ನ ಮಗಳು ಚೆನ್ನಾಜಿ ಈ ಸಲದ ತೂಬುಗಾತಿ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದಾಳೆ. ಕೆರೆಯ ತೂಬಿನ ಕೀಲಿ ಹಿಡಿದು ಕೇರಿಕೇರಿಗೆ ನೀರು ಬಿಡುವವಳಿಗೆ ನಾವು ಹಾಗೆನ್ನುತ್ತೇವೆ. ಬರುವ ಗುರುವಾರ ಪಂಚರ ವಿಚಾರಣೆ. ದ್ರೋಹಿಯ ಕುಲಕ್ಕೆ ಕೀಲಿ ಕೊಡಬಹುದೇ ಎಂಬುದೇ ಪ್ರಶ್ನೆ, ನಿಮ್ಮ ಪಟವೇ ಸಾಕ್ಷಿ.

ಈಗ ನಿಮ್ಮ ತಪ್ಪಿಗೆ ಬರುತ್ತೇನೆ. ಕೋಟೆ ಬಾಗಿಲ ಬಳಿಯ ವೀರಗಲ್ಲಿನಲ್ಲಿ ‘ಕೇತಯ್ಯಂ ಬಾಗಿಲೊಳ್ ಕಾದಿ ಸತ್ತಂ’ ಎಂದಿದೆ. ನೀವು ಅದನ್ನು ಕಾದು ಕುಳಿತು ಎಂದು ಓದಿಕೊಂಡಿರಿ. ಯಾರಿಗಾಗಿ ಕಾದ ಎಂದು ಯೋಚಿಸಿದಿರಿ, ದ್ರೋಹಿ ಸಿಕ್ಕೇಬಿಟ್ಟ. ಹಳಗನ್ನಡದಲ್ಲಿ ಕಾದಿ ಎಂದರೆ ಹೋರಾಡಿ, ಸ್ವಾಮೀ! ಅವನು ಬಾಗಿಲಲ್ಲಿ ಹೋರಾಡಿ ಸತ್ತವನು. ದ್ರೋಹಿಗೆ ಯಾರಾದರೂ ವೀರಗಲ್ಲು ನೆಡುತ್ತಾರೆಯೇ? ಇದನ್ನೇ ಪಂಚರಿಗೆ ಹೇಳಿದೆ. ಹಿರಿಯ ಪಂಚರು ನಕ್ಕು, ‘ಕಲ್ಲು ಏನಾರ ಅನ್ಲಿ ಬಿಡವ್ವಾ, ನಾವು ಕಣ್ಣಾರೆ ನೋಡೀವಿ’ ಎಂದರು.

ಸಿನಿಮಾ ಎಂದಮೇಲೆ ಉಪ್ಪು ಖಾರ ಬೇಡವೇ ಎನ್ನುತ್ತೀರಿ. ಬೇಕು. ನಿಮ್ಮ ಸಿನಿಮಾದ ರಾಣಿ ಗಾಳಿಯಲ್ಲಿ ತೇಲಿ ಹತ್ತು ಜನರನ್ನು ಹೊಡೆಯಲಿ. ಸಿಪಾಯಿಯ ಮಣಿಕಟ್ಟಿನ ಮೇಲೆ ಕೈಗಡಿಯಾರದ ಬಿಳಿ ಗುರುತು ಕಾಣಲಿ, ಅದನ್ನು ನೋಡಿ ನಾನೇ ನಕ್ಕಿದ್ದೇನೆ. ಅದರಿಂದ ಯಾರ ಮನೆಯೂ ಹಾಳಾಗಲಿಲ್ಲ. ದ್ರೋಹಿ ಬೇಕೇ ಬೇಕೆಂದರೆ ಯಾರದೂ ಅಲ್ಲದ ಒಂದು ಹೆಸರು ಕಟ್ಟಿಕೊಳ್ಳಿ. ಸತ್ತವನು ಎದ್ದು ಬಂದು ತಕರಾರು ಮಾಡುವುದಿಲ್ಲ, ನಿಜ. ಅವನ ಮಕ್ಕಳು ಮೊಮ್ಮಕ್ಕಳು ಇರುತ್ತಾರೆ.

ಪಂಚರಿಗಿಂತಲೂ ನನ್ನನ್ನು ಹೆದರಿಸಿದ್ದು ಬೇರೆ. ನಿನ್ನೆ ರೊಟ್ಟಿ ಬಡಿಯುತ್ತಿದ್ದ ಚೆನ್ನಾಜಿ ಕೈ ನಿಲ್ಲಿಸಿ, ‘ಅವ್ವಾ, ಕೀಲಿ ಕೈಗೆ ಬಂದ್ಮ್ಯಾಲೆ ನಾನೂ ಹಂಗೇ ಮಾಡಿಬಿಟ್ರೆ?’ ಎಂದಳು. ಆ ಕಲ್ಲಿನ ಸಾಲನ್ನು ಅವಳಿಗೆ ಚಿಕ್ಕಂದಿನಿಂದ ಓದಿಸಿದವಳು ನಾನು. ಆದರೂ ಆ ಕ್ಷಣ ನನ್ನ ಕಣ್ಣಮುಂದೆ ಬಂದದ್ದು ಅಕ್ಷರವಲ್ಲ, ಅಗುಳಿ ಸರಿಸುವ ನಿಮ್ಮ ನಟನ ಮುಖ. ಛೇ, ಹಾಗೆಲ್ಲ ಆಗಲ್ಲ ಮಗಳೇ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ನನ್ನ ಮುಖ ನೋಡಿದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಆ ದೃಶ್ಯದ ಪುಟ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಕೈ ಮುಗಿಯುತ್ತೇನೆ, ಆ ಹೆಸರನ್ನು ಹೊಡೆದುಹಾಕಿ. ನಾನೇ ನನ್ನ ಮಗಳನ್ನು ನಂಬಲಾರದ ಹಾಗೆ ಮಾಡಬೇಡಿ.