ಅತ್ತಿಗೆಗೆ ಹೇಳದ ಜಪಾನ್ ಗಾಡಿ

ಗುಂಡ್ಲುಪೇಟೆ
೭ ಫೆಬ್ರವರಿ ೧೯೫೫, ಸೋಮವಾರ

ಚಾಮರಾಜನಗರಕ್ಕೆ ಟ್ರಿಪ್. ನಾಲ್ಕು ಜನ ಕೂರುವ ಗಾಡಿಯಲ್ಲಿ ಆರು ಜನ, ಜೊತೆಗೆ ಎರಡು ಬಾಳೆಗೊನೆ. ತೆರಕಣಾಂಬಿ ದಾಟುತ್ತಲೇ ರೇಡಿಯೇಟರ್ ಕುದಿಯಿತು. ಅಷ್ಟು ಹೇರಿದರೆ ಯಾವ ಗಾಡಿ ತಾನೇ ಕುದಿಯುವುದಿಲ್ಲ? ತಪ್ಪು ನನ್ನದು. ಬಾವಿ ನೀರು ಹಾಕಿ, ಬೀಡಿ ಸೇದಿ, ಮತ್ತೆ ಹೊರಟೆ. ಒಂದೇ ಹ್ಯಾಂಡಲ್‌ಗೆ ಸ್ಟಾರ್ಟ್! ಮಹರಾಯ, ಮಳೆಯಲ್ಲೂ ಕೆಸರಲ್ಲೂ ಒಂದು ದಿನವೂ ಮಾನ ಕಳೆದಿಲ್ಲ.

ಗೊನೆಯವನು ಕೇಳಿದ, "ಇದು ಯಾವ ದೇಸದ ಗಾಡಿ ಬುದ್ಧಿ?"
"ಇಂಗ್ಲೆಂಡು. ಆಸ್ಟಿನ್."
ಹೇಳಿ ಹೇಳಿ ಈಗ ನನಗೇ ನಿಜ ಅನ್ನಿಸುತ್ತದೆ.

ಊಟಿಯ ಟೀ ತೋಟದ ದೊರೆ ಊರು ಬಿಡುವಾಗ ನನಗೆ ಮಾರಿದ್ದು ಈ ಡಾಟ್ಸನ್. ಯುದ್ಧಕ್ಕೆ ಮೊದಲಿನ ಮಾಡಲ್. ನೋಡಲು ಪುಟ್ಟ ಆಸ್ಟಿನ್ ಥರವೇ. ದೊರೆ ಚಹ ಕುಡಿಸಿ ಅದರ ಪುರಾಣವನ್ನೆಲ್ಲ ಹೇಳಿದ್ದ. ಮೊದಲು ಜಪಾನಿನಲ್ಲಿ ಮೂರು ಜನ ದುಡ್ಡು ಹಾಕಿದರಂತೆ, ಅವರ ಹೆಸರುಗಳ ಮೊದಲಕ್ಷರ ಕೂಡಿಸಿ ಗಾಡಿಗೆ ಹೆಸರಿಟ್ಟರಂತೆ. ಆಮೇಲೆ ಅದಕ್ಕೆ ಸೂರ್ಯ ಅನ್ನುವ ಮಾತು ಸೇರಿಸಿದರಂತೆ. ಕೇಳಲು ಚೆನ್ನಾಗಿತ್ತು. ಘಾಟಿ ಇಳಿದು ಬರುವಾಗ ಮಾತ್ರ ಒಂದೇ ಯೋಚನೆ — ಅತ್ತಿಗೆಗೆ ಏನು ಹೇಳಲಿ? ಬಂಡೀಪುರದ ಹತ್ತಿರ ನಿಲ್ಲಿಸಿ, ಮುಂದಿನ ಹೆಸರಿನ ಬಿಲ್ಲೆಯನ್ನು ಸ್ಕ್ರೂಡ್ರೈವರ್ ಹಾಕಿ ಕಿತ್ತು, ಟೂಲ್ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅಣ್ಣ ದೊಡ್ಡಮಲ್ಲಪ್ಪ ಮಿಲಿಟರಿ ಲಾರಿ ಓಡಿಸಲು ಹೋದವನು ಸಿಂಗಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿದ. ಆಮೇಲೆ ಸುದ್ದಿಯೇ ಇಲ್ಲ. ಯುದ್ಧ ಮುಗಿದ ಮೇಲೆ ಸರ್ಕಾರ ಕೊಟ್ಟ ಉತ್ತರ 'ಕಾಣೆಯಾಗಿದ್ದಾನೆ' ಅಂತ. "ಕಾಣೆ ಅಂದ್ರೆ ಸತ್ತ ಅಂತಲ್ಲ ಕಣಪ್ಪ" ಅಂದರು ಅತ್ತಿಗೆ ಶಾಂತಮಲ್ಲಮ್ಮ. ಕುಂಕುಮ ಅಳಿಸಲಿಲ್ಲ, ತಾಳಿ ತೆಗೆಯಲಿಲ್ಲ. ಯಾರೋ ನನ್ನ ಹಿರಿಮಗಳಿಗೆ ಕೊಟ್ಟ ಜಪಾನ್ ಗೊಂಬೆಯನ್ನು ಬಾವಿಗೆ ಎಸೆದವರು ಅವರು. ಅಂಥವರ ಮನೆ ಮುಂದೆ ಜಪಾನ್ ಗಾಡಿ ತಂದು ನಿಲ್ಲಿಸಿದ್ದೇನೆ.

೧೧ ಫೆಬ್ರವರಿ

ಇವತ್ತೂ ಅತ್ತಿಗೆಯೇ ಗಾಡಿ ತೊಳೆದರು. ಬೇಡವೆಂದರೂ ಕೇಳುವುದಿಲ್ಲ. ದೀಪದ ಗಾಜುಗಳನ್ನು ಸೆರಗಿನಲ್ಲಿ ಒರೆಸಿ, ವಿಭೂತಿ ಬಳಿದು, ಹೂ ಮುಡಿಸಿದರು. "ನಿಮ್ಮಣ್ಣ ಬಂದ್ರೆ ನಿಂಗೆ ಸ್ಟೇರಿಂಗ್ ಮುಟ್ಟಕ್ಕೂ ಬುಡಕಿಲ್ಲ ಕಣ್ಲಾ" ಅಂದು ನಕ್ಕರು. ನಾನೂ ನಕ್ಕೆ.

ನನ್ನ ಹೆಂಡತಿ ಚಿಕ್ಕಮಲ್ಲಮ್ಮನಿಗೆ ತಿಂಗಳು ತುಂಬಿದೆ. ಬಾಣಂತನ ಇಲ್ಲೇ, ಅತ್ತಿಗೆಯ ಕೈಯಲ್ಲೇ ಆಗಬೇಕೆಂದು ಹಟ ಹಿಡಿದಿದ್ದಾಳೆ. ಇವರಿಬ್ಬರೂ ಸೇರಿದರೆ ನನ್ನ ಮಾತಿಗೆ ಬೆಲೆ ಎಲ್ಲಿ.

೧೬ ಫೆಬ್ರವರಿ, ಬುಧವಾರ

ಬರೆಯದೆ ಇದ್ದರೆ ತಲೆ ಸಿಡಿದೀತು.

ಭೀಮನಬೀಡಿಗೆ ಪಟೇಲರನ್ನು ಬಿಡಲು ಹೋಗಿದ್ದೆ. ಅವರು ಒಳಗೆ ಹೋದರು. ಗಾಡಿ ಬೇವಿನ ಮರದ ಕೆಳಗೆ. ಕೆಳಗಿನ ಕೇರಿಯ ಕಡೆಯಿಂದ ಒಬ್ಬ ಬಂದ. ಸಣಕಲು ಆಳು, ಒಂದು ಕಾಲು ಎಳೆಯುತ್ತಾನೆ. ದೂರದಲ್ಲೇ ನಿಂತು ಗಾಡಿಯನ್ನೇ ನೋಡಿದ. ಸುತ್ತ ಬಂದ. ಮತ್ತೆ ನೋಡಿದ.

"ಇದು ಜಪಾನ್ ಗಾಡಿ ಅಲ್ವಾ ಬುದ್ಧಿ?"
"ಆಸ್ಟಿನ್ ಕಣ್ಲಾ. ಓಗಾಚೆ" ಅಂದೆ, ರೇಗಿ.
ಹೋಗಲಿಲ್ಲ. ಹ್ಯಾಂಡಲ್ ಹಾಕುವ ಜಾಗದ ಮುಂದೆ ಕುಕ್ಕರುಗಾಲಲ್ಲಿ ಕೂತ. "ಕ್ಯಾಂಪಲ್ಲಿ ಅವರ ಆಫೀಸರದು ಇಂಥದ್ದೇ ಒಂದಿತ್ತು. ನಾನು ಇಲ್ಲಿ ಹ್ಯಾಂಡ್ಲು ತಿರುಗುಸ್ತಿದ್ದೆ. ಒಳಗೆ ದೊಡ್ಡಮಲ್ಲಪ್ನೋರು ಕೂತಿರೋರು. ಗುಂಡ್ಲುಪ್ಯಾಟೆಯೋರು."

ಅಣ್ಣನ ಹೆಸರನ್ನು ಆ ಬಾಯಲ್ಲಿ ಕೇಳಿ ಅವನ ಹತ್ತಿರ ಹೋದೆ. ದೊಡ್ಡಮಲ್ಲಪ್ಪನ ತಮ್ಮ ನಾನು ಅಂದೆ. ಆಗ ಅವನೂ ಹೆದರಿದ, ಎದ್ದು ಹಿಂದಕ್ಕೆ ಸರಿದ. ಹೆಸರು ಮಂಟೇಸ್ವಾಮಿ. ಮಿಲಿಟರಿಯಲ್ಲಿ ಅಣ್ಣನ ಜೊತೆಗಿದ್ದವನು.

ಅವನು ಹೇಳಿದ್ದು ಇಷ್ಟು. ಒಂದು ದ್ವೀಪಕ್ಕೆ ಇಬ್ಬರನ್ನೂ ಒಯ್ದರು. ಅಣ್ಣ ಡ್ರೈವರ್ ಆದ್ದರಿಂದ ಆಫೀಸರನ ಗಾಡಿ ಓಡಿಸುವ ಕೆಲಸ. ಅದಕ್ಕೆ ಸಿಗುತ್ತಿದ್ದ ಒಂದು ಹಿಡಿ ಹೆಚ್ಚಿನ ಅನ್ನವನ್ನು ಇಬ್ಬರೂ ಹಂಚಿ ತಿನ್ನುತ್ತಿದ್ದರು. ಮಾರನೆ ವರ್ಷ ಭೇದಿ ಹತ್ತಿತು. ಅಣ್ಣ ಹೋದ. ಹೂಳಲು ಬಿಡಲಿಲ್ಲ. ಹತ್ತಾರು ಹೆಣಗಳ ಜೊತೆ ಸುಟ್ಟರು.

ಸುಟ್ಟರು. ನಮ್ಮವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ನನ್ನಣ್ಣನಿಗೆ ಅದೂ ಇಲ್ಲ.

"ಸಾಯೂಕೆ ಮುಂಚೆ ಕತ್ತಿಂದ ಕರಡಿಗೆ ತಗುದು ನನ್ ಕೈಲಿ ಕೊಟ್ರು ಬುದ್ಧಿ. ಮನೆಗೆ ಮುಟ್ಸು ಮಂಟೇಸ್ವಾಮಿ ಅಂದ್ರು. ನನ್ ತಾವೇ ಅದೆ. ಒಂದ್ಸಲವೂ ತೆಗುದು ನೋಡಿಲ್ಲ."

ಬೆಳ್ಳಿ ಕರಡಿಗೆಯೊಳಗೆ ಅಣ್ಣನ ಲಿಂಗ. ಒಂಬತ್ತು ವರ್ಷದಿಂದ ಇಷ್ಟು ಹತ್ತಿರದಲ್ಲಿ, ಅವನ ಗುಡಿಸಲಿನ ಸೂರಿನಲ್ಲಿ! ಯಾಕೋ ತಂದು ಕೊಡಲಿಲ್ಲ ಎಂದು ಕೂಗಿದೆ. ನೆಲ ನೋಡುತ್ತ ಹೇಳಿದ:

"ಬಂದಿದ್ದೆ ಬುದ್ಧಿ. ನಿಮ್ ಬೀದಿ ತುದೀಲಿ ನಿಂತಿದ್ದೆ. ನಿಮ್ ಲಿಂಗವ ನನ್ನಂಥೋನು ಮುಟ್ಟಿ ಮಡಿಕಂಡಿವ್ನಿ ಅಂದ್ರೆ ಸುಮ್ಕೆ ಬುಡ್ತಿದ್ರಾ? ಅವ್ವಾರು ಬಾಗ್ಲಲ್ಲಿ ನಿಂತಿದ್ರು, ಹಣೇಲಿ ಕುಂಕುಮ. ನನ್ ಬಾಯೇ ಬರ್ನಿಲ್ಲ. ಬಂದ್ಬುಟ್ಟೆ."

ಈಗಲೇ ತರಲೇ ಎಂದ. ಬೇಡ, ನಾನೇ ಬರ್ತೀನಿ ಅಂದೆ. ಯಾಕೆ ಹಾಗಂದೆ? ತೆಗೆದುಕೊಂಡರೆ ಮನೆಗೆ ಹೋಗಿ ಹೇಳಬೇಕು. ಅದೊಂದು. ಅವನ ಕೈಯಿಂದ ಈಸಿಕೊಳ್ಳಲು ನನ್ನ ಕೈ ಮುಂದೆ ಹೋಗಲಿಲ್ಲ. ಅದಿನ್ನೊಂದು.

೧೭ ಫೆಬ್ರವರಿ

ಹೇಳಲಿಲ್ಲ. ಅತ್ತಿಗೆ ಮುದ್ದೆ ಬಡಿಸುತ್ತ "ಯಾಕ್ ಮರೀ, ಮೊಕ ಇಂಗಿದ್ದದು? ಗಾಡಿ ಕೆಟ್ಟೋಯ್ತಾ?" ಅಂದರು. ಹೂಂ ಅಂದೆ. ಪಾಪದ ಗಾಡಿ — ನನ್ನ ಸುಳ್ಳಿಗೆಲ್ಲ ಅದನ್ನೇ ಹಿಡಿದು ಎಳೆಯುತ್ತೇನೆ.

ಚಿಕ್ಕಮಲ್ಲಮ್ಮನಿಗೆ ಎಲ್ಲ ಹೇಳಿದೆ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಈಗಿಂದೀಗ್ಲೇ ಏಳ್ಬುಡಿ" ಅಂದಳು.
"ಹೆರಿಗೆ ಆಗಲಿ. ತೊಟ್ಟಿಲ ಶಾಸ್ತ್ರ ಮುಗೀಲಿ. ಅತ್ತಿಗೆ ಮುತ್ತೈದೆಯಾಗಿ ಕೂಸನ್ನ ತೊಟ್ಟಿಲಿಗೆ ಹಾಕ್ಲಿ. ಆಮೇಲೆ."
"ಅದು ಅವರಿಗೋಸ್ಕರವೋ, ನಿಮಗೋಸ್ಕರವೋ?"
ಹೆಂಗಸರಿಗೆ ಇಂಥ ಪ್ರಶ್ನೆ ಎಲ್ಲಿಂದ ಹೊಳೆಯುತ್ತದೋ. ಎದ್ದು ಹೊರಗೆ ಹೋದೆ.

೨೫ ಫೆಬ್ರವರಿ

ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಸುಖ. ಮೊದಲು ಎತ್ತಿಕೊಂಡದ್ದು ಅತ್ತಿಗೆ. "ನೋಡ್ಲಾ, ಮೂಗು ನಿಮ್ಮಣ್ಣಂದೇ!" ಕೇರಿಗೆಲ್ಲ ಬೆಲ್ಲ ಹಂಚಿ ಬಂದರು. ಅವರನ್ನು ಇಷ್ಟು ಸಂತೋಷದಲ್ಲಿ ಯಾವಾಗ ನೋಡಿದ್ದೆನೋ ನೆನಪಿಲ್ಲ. ನನಗೆ ಮಗಳ ಮುಖವನ್ನು ನೆಟ್ಟಗೆ ನೋಡಲಾಗಲಿಲ್ಲ.

೮ ಮಾರ್ಚ್

ಬಸ್ ಸ್ಟ್ಯಾಂಡಿನಲ್ಲಿ ಮಂಟೇಸ್ವಾಮಿ. ಹೆಗಲಲ್ಲಿ ಒಂದು ಚೀಲ. ಗಾಡಿ ಕಂಡು ಕೈ ಎತ್ತಿದ. ನಾನು ಕಾಣದವನಂತೆ ಊಟಿ ರಸ್ತೆಗೆ ತಿರುಗಿಸಿದೆ. ಪ್ಯಾಸೆಂಜರು "ಎಲ್ಲಿಗೆ ಓಯ್ತಾ ಇದ್ದೀರಿ? ಸಂತೇಮರಳ್ಳಿ ಅಂದಿದ್ದೆನಲ್ಲ!" ಎಂದು ಬೊಬ್ಬೆ ಹೊಡೆದರು. ಪೆಟ್ರೋಲಿಗೆ ಅಂದೆ.

ಕನ್ನಡಿಯಲ್ಲಿ ನೋಡಿದೆ. ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಥೂ, ನನ್ನ ಬಾಳೇ!

೧೩ ಮಾರ್ಚ್, ಭಾನುವಾರ

ತೊಟ್ಟಿಲ ಶಾಸ್ತ್ರ ಬರುವ ಗುರುವಾರ. ಅತ್ತಿಗೆ ತೊಟ್ಟಿಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾರೆ. "ಕಿವಿ ಚುಚ್ಚೋದು ಮಾತ್ರ ಈಗ ಬ್ಯಾಡ ಕಣ್ ಮರೀ. ನಿಮ್ಮಣ್ಣ ಬಂದು ತೊಡೆ ಮೇಲೆ ಕೂರಿಸ್ಕೊಳ್ಳಿ."
ಚಿಕ್ಕಮಲ್ಲಮ್ಮ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಈಗ ಅವಳು ನನ್ನೊಂದಿಗೆ ಕೆಲಸವಿದ್ದರೆ ಮಾತ್ರ ಮಾತು.

೧೫ ಮಾರ್ಚ್, ಮಧ್ಯಾಹ್ನ

ಅವನೇ ಬಂದ.

ನಾನು ಜಗುಲಿಯ ಮೇಲಿದ್ದೆ. ಅತ್ತಿಗೆ ಗಾಡಿ ತೊಳೆಯುತ್ತಿದ್ದರು. ಮಂಟೇಸ್ವಾಮಿ ಮನೆಯ ಕಡೆ ಬರಲಿಲ್ಲ, ಗಾಡಿಯ ಆಚೆ ಪಕ್ಕ ನಿಂತ. ನನ್ನನ್ನು ನೋಡಿದ. ಇಳಿದು ಹೋಗಿ ತಡೆಯಬಹುದಿತ್ತು. ಕೂತೇ ಇದ್ದೆ.

"ಯಾವೂರಪ್ಪ? ನೀರು ಬೇಕಿತ್ತಾ?" ಅತ್ತಿಗೆ ಕೇಳಿದರು.
"ಭೀಮನಬೀಡು ಕಣವ್ವ. ದೊಡ್ಡಮಲ್ಲಪ್ನೋರ ಜತೆ ಮಿಲ್ಟ್ರೀಲಿದ್ದೆ."

ತಂಬಿಗೆ ಕೈಯಲ್ಲೇ ನಿಂತಿತು. ಅವನು ಚೀಲದಿಂದ ಸಣ್ಣ ಬಟ್ಟೆಗಂಟು ತೆಗೆದ. ಅವರ ಕೈಗೆ ಕೊಡಲಿಲ್ಲ. ನಮ್ಮ ಬೀದಿಯಲ್ಲಿ ಅವರ ಕೇರಿಯವರು ಏನನ್ನೂ ಕೈಗೆ ಕೊಡುವುದಿಲ್ಲ. ಇಡುತ್ತಾರೆ, ಸರಿಯುತ್ತಾರೆ, ನಾವು ತೆಗೆದುಕೊಳ್ಳುತ್ತೇವೆ. ಗಂಟನ್ನು ಒದ್ದೆ ಮಡ್‌ಗಾರ್ಡಿನ ಮೇಲಿಟ್ಟು ಹಿಂದೆ ಸರಿದ.

ಅತ್ತಿಗೆ ಅದನ್ನು ನೋಡಿದರು. ಬಟ್ಟೆಯೊಳಗಿನ ಆಕಾರ ನೋಡಿದರೇ ಗೊತ್ತಾಗುತ್ತದೆ. ಕೂಗಿಕೊಳ್ಳುತ್ತಾರೆ ಅಂದುಕೊಂಡೆ. ಇಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡೂ ಅಂಗೈ ಮುಂದೆ ಚಾಚಿದರು.

"ಕೈಗೆ ಕೊಡಪ್ಪ. ಅವರು ನಿನ್ ಕೈಗೆ ಕೊಟ್ರು. ನೀನು ನನ್ ಕೈಗೆ ಕೊಡು."

ಮಂಟೇಸ್ವಾಮಿ ಬೀದಿಯ ಎರಡೂ ಕಡೆ ನೋಡಿದ. ಎದುರುಮನೆಯ ಗುರುಮಲ್ಲಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಟೆತ್ತಿ ಅತ್ತಿಗೆಯ ಅಂಗೈಯಲ್ಲಿಟ್ಟ. ಆಮೇಲೆ ಅವನೇ ಹೋ ಎಂದು ಅತ್ತ. ಯುದ್ಧ ಕಂಡು ಬಂದ ಗಂಡಸು.

ಎಲ್ಲವನ್ನೂ ಹೇಳಿದ. ಸುಟ್ಟದ್ದನ್ನೂ. ಈ ಗಾಡಿಯಂಥದೇ ಗಾಡಿ ಓಡಿಸಿದ್ದನ್ನೂ. ಅತ್ತಿಗೆ ಡ್ರೈವರ್ ಬಾಗಿಲು ತೆಗೆದರು. ಈಗ ಗಾಡಿಗೆ ಕಲ್ಲು ಬಿತ್ತು ಅಂದುಕೊಂಡೆ. ಒಳಗೆ ಕೂತು, ಒಂದು ಕೈಯಲ್ಲಿ ಕರಡಿಗೆ, ಇನ್ನೊಂದು ಕೈಯಿಂದ ಸ್ಟೀರಿಂಗನ್ನು ನಿಧಾನವಾಗಿ ಸವರಿದರು.

"ಇಂಥದ್ನೇ ಹಿಡ್ಕಂಡಿದ್ರಾ?"
"ಇಂಥದ್ನೇ ಕಣವ್ವ."

ಆಮೇಲೆ ಜಗುಲಿಯ ಕಡೆ ತಿರುಗಿ, "ಗಾಡಿ ತೆಗಿ ಮರೀ. ಇವರನ್ನ ಊರಿಗೆ ಬುಟ್ಟು ಬರನ" ಅಂದರು.

ಅದೇ ದಿನ, ಸಂಜೆ

ಮುಂದೆ ನಾನೊಬ್ಬನೇ. ಹಿಂದಿನ ಸೀಟಿನಲ್ಲಿ ಅತ್ತಿಗೆ, ಪಕ್ಕದಲ್ಲಿ ಮುದುಡಿಕೊಂಡು ಮಂಟೇಸ್ವಾಮಿ. ಬೀದಿಗೆ ಬೀದಿಯೇ ನೋಡಿತು. ನಾಳೆಯಿಂದ ಈ ಸೀಟಿನಲ್ಲಿ ನಮ್ಮವರು ಕೂರುತ್ತಾರೋ ಇಲ್ಲವೋ. ಅಂಥ ಹೊತ್ತಿನಲ್ಲೂ ನನ್ನ ತಲೆಗೆ ಬಂದದ್ದು ಟ್ಯಾಕ್ಸಿ ವ್ಯಾಪಾರ. ನಾಚಿಕೆಯಾಯಿತು.

ದಾರಿಯುದ್ದಕ್ಕೂ ಅತ್ತಿಗೆಯದೇ ಪ್ರಶ್ನೆ. ಅಲ್ಲಿ ಏನು ತಿನ್ನುತ್ತಿದ್ದರು. ಮಳೆ ಬರುತ್ತಿತ್ತೇ. ನನ್ನ ಹೆಸರು ಹೇಳುತ್ತಿದ್ದರೇ. ಕೊನೆಯದಕ್ಕೆ ಮಂಟೇಸ್ವಾಮಿ "ದಿನಾ ಕಣವ್ವ" ಅಂದ. ನಿಜವೋ ಸುಳ್ಳೋ, ಅವನ ಬಾಯಿಗೆ ಸಕ್ಕರೆ ಬೀಳಲಿ.

ಅವನು ಇಳಿಯುವಾಗ ನನಗೆ ಕೈ ಮುಗಿದು, "ಬುದ್ಧಿ ಬತ್ತೀನಿ ಅಂದಿದ್ರಿ, ಒಂದು ತಿಂಗ್ಳು ಕಾದೆ. ತಪ್ಪು ತಿಳ್ಕೋಬ್ಯಾಡಿ" ಅಂದ. ಏನೂ ಮನಸ್ಸಿನಲ್ಲಿಟ್ಟುಕೊಂಡು ಅಂದದ್ದಲ್ಲ. ಅತ್ತಿಗೆ ಕೇಳಿಸಿಕೊಂಡರು.



೧೭ ಮಾರ್ಚ್, ಗುರುವಾರ

ಹಿರಿಯರು ಶಾಸ್ತ್ರ ಮುಂದಕ್ಕೆ ಹಾಕಿ ಅಂದರು. ಅತ್ತಿಗೆ ಒಪ್ಪಲಿಲ್ಲ. ಹಣೆಗೆ ವಿಭೂತಿ ಮಾತ್ರ ಧರಿಸಿ ಒಳಮನೆಯಲ್ಲಿ ಕೂತರು. ಮುತ್ತೈದೆಯರು ತೊಟ್ಟಿಲ ಸುತ್ತ ನಿಂತರು. ಚಿಕ್ಕಮಲ್ಲಮ್ಮ ಕೂಸನ್ನು ಅಪ್ಪಿಕೊಂಡು, "ಅಕ್ಕಾರು ಬರೋಗಂಟ ಕೂಸು ತೊಟ್ಲಿಗಿಲ್ಲ" ಅಂದುಬಿಟ್ಟಳು. ಗುಸುಗುಸು ಎದ್ದಿತು. ಗುರುಮಲ್ಲಮ್ಮ ಸರ್ರನೆ ಹೊರಗೆ ಹೋದಳು. ಹೋಗಲಿ. ಅತ್ತಿಗೆ ಬಂದರು, ಮಲಗಿಸಿದರು, ತೂಗಿದರು. ಹಾಡಲು ಮಾತ್ರ ಆಗಲಿಲ್ಲ.

ಎಲ್ಲ ಊಟಕ್ಕೆ ಕೂತಾಗ ನಾನು ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದೆ. ಅತ್ತಿಗೆ ಹಿಂದೆಯೇ ಬಂದು ನಿಂತರು.

"ನಿಂಗೆ ತಿಂಗಳಿಂದ ಗೊತ್ತಿತ್ತು."
"ಹೂಂ."
"ಮಂಟೇಸ್ವಾಮಿ ನಮ್ ಬೀದಿಗೆ ಹೆದರಿ ಸುಮ್ಕಿದ್ದ. ನೀನು ಯಾರಿಗೆ ಹೆದರಿ ಸುಮ್ಕಿದ್ದೆ?"
ನಿಮ್ಮ ದುಃಖಕ್ಕೆ ಅಂದೆ. ನಿಮಗೆ ನೋವಾಗದಿರಲಿ ಅಂತ.

ತಲೆ ಅಲ್ಲಾಡಿಸಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ನನ್ ದುಕ್ಕ ನಂದು ಕಣಪ್ಪ. ಅದ ನೀನ್ಯಾಕೆ ಮಡಿಕಂಡಿದ್ದೆ?"

ಉತ್ತರಕ್ಕಾಗಿ ನಿಂತೇ ಇದ್ದರು. ನಾನು ಗಾಡಿಯ ಟೂಲ್ ಪೆಟ್ಟಿಗೆಯಿಂದ ಆ ಡಾಟ್ಸನ್ ಬಿಲ್ಲೆಯನ್ನು ತಂದು, ನಿಮ್ಮಿಂದ ಮುಚ್ಚಿಟ್ಟದ್ದು ಇದೂ ಒಂದು ಅಂದು, ಅವರ ಕೈಗೇ ಕೊಟ್ಟೆ.