ನಮ್ಮ ತೋಟಕ್ಕೆ ಹಾರಿಬಂದ ಕಲ್ಲು ಯಾರದು?

ಕಲ್ಲುಕೋರೆ ಸಾವಿನ ತನಿಖಾಧಿಕಾರಿಗಳಿಗೆ,

ಮಾನ್ಯರೇ, ನನ್ನ ತಂಗಿ ರೂಪಳ ಸಾವಿಗೆ ನಮ್ಮ ಅಮ್ಮನೇ ಕಾರಣ ಎನ್ನುವ ಅರ್ಥ ಬರುವಂತೆ ನೀವು ವರದಿ ಬರೆದಿದ್ದೀರಿ. ಅಮ್ಮ ಅದನ್ನು ನಂಬಿಬಿಟ್ಟಿದ್ದಾಳೆ. ಅದಕ್ಕೇ ಈ ಪತ್ರವನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಶಿಡ್ಲಘಟ್ಟ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮದೊಂದು ಹಿಪ್ಪುನೇರಳೆ ತೋಟ, ಅದರ ಪಕ್ಕದ ಗುಡ್ಡದಲ್ಲಿ ಕಲ್ಲುಕೋರೆ. ಕಳೆದ ವರ್ಷ, ೨೦೦೭ರಲ್ಲಿ, ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದ ಅಮ್ಮನಿಗೆ ಸಾಲುಗಳ ನಡುವೆ ನೆಟ್ಟಗೆ ನಿಂತ ಕಲ್ಲೊಂದು ಕಂಡಿತು. “ನಮ್ ತ್ವಾಟಕ್ಕೆ ತಾಯಿ ಬಂದವ್ಳೆ ಕಣಮ್ಮ” ಎಂದು ರೂಪಳನ್ನು ಕರೆದು ತೋರಿಸಿ, ಅರಿಶಿನ ಬಳಿದಳು. ಕಲ್ಲಿನ ಮೈಯಲ್ಲಿ ಕೊರೆಯುವ ಯಂತ್ರ ಮಾಡಿದ ಉದ್ದನೆಯ ತೋಡಿತ್ತು. ಅದರ ತುಂಬ ಕುಂಕುಮ ತುಂಬಿದಳು. ಕೋರೆಯ ಮೇಸ್ತ್ರಿ ಚೆನ್ನರಾಯಪ್ಪನವರೂ ಹಾರ ತಂದು ಹಾಕಿ, ಅಮ್ಮನ ಕಡೆ ತಿರುಗಿ, “ಮುನಿಗಂಗಮ್ಮ, ತಾಯಿ ತಾನಾಗೇ ಒಲಿದು ಬಂದವ್ಳೆ, ಕದಲಿಸ್ಬ್ಯಾಡ” ಎಂದು ಕೈಮುಗಿದು ಹೋದರಂತೆ. ಜೀವಮಾನವೆಲ್ಲ ಸಿಡಿಮದ್ದು ತುಂಬಲು ಬಂಡೆಗೆ ತೂತು ಕೊರೆಸಿದವರಿಗೆ ಆ ತೋಡಿನ ಗುರುತು ಸಿಗಲಿಲ್ಲವೇ?

ಬಂಡೆ ಸಿಡಿಸುವ ಮುನ್ನ ಕೋರೆಯಲ್ಲಿ ಸೈರನ್ ಕೂಗಿಸುತ್ತಾರೆ. ಅಂದಿನಿಂದ ಅಮ್ಮ ರೂಪಳಿಗೆ ಹೇಳುತ್ತಿದ್ದಳು: “ಸೈರನ್ ಕೂಗಿದ್ರೆ ತಾಯಿ ತಾವ ಕೂತ್ಕೊ, ಏನೂ ಆಗಲ್ಲ.” ಈ ಆಷಾಢದಲ್ಲಿ ಸೈರನ್ ಕೂಗಿತು. ಸೊಪ್ಪಿನ ಕುಕ್ಕೆ ಬಿಟ್ಟು ರೂಪ ಓಡಿಹೋಗಿ ಅಲ್ಲೇ ಕೂತಳು. ಮೊದಲ ಕಲ್ಲು ಬಿದ್ದ ಕಡೆಗೇ ಎರಡನೆಯದೂ ಬಂತು. ಚಿಂತಾಮಣಿಯಲ್ಲಿ ವಕೀಲರೊಬ್ಬರ ಟೈಪಿಸ್ಟ್ ಆಗಿರುವ ನಾನು ಆ ದೇವರನ್ನು ಮೊದಲ ಸಲ ನೋಡಿದ್ದು ತಂಗಿಯನ್ನು ಮಣ್ಣು ಮಾಡಿದ ದಿನ.

ನಿಮ್ಮ ವರದಿ ಏನೆನ್ನುತ್ತದೆ? ಮಾಲೀಕರ ನಿರ್ಲಕ್ಷ್ಯವಿಲ್ಲ, ಸೈರನ್ ಕೂಗಿಸಿದ್ದಾರೆ, ಮೃತಳು ತಾಯಿಯ ಸೂಚನೆಯಂತೆ ಸ್ವಇಚ್ಛೆಯಿಂದ ಅಪಾಯದ ಸ್ಥಳದಲ್ಲಿ ಕುಳಿತಿದ್ದಳು, ಇದು ದೈವಾಧೀನ ಘಟನೆ. ಸ್ವಾಮಿ, ದೇವರಿಗೆ ಸಿಡಿಮದ್ದಿನ ಪರವಾನಗಿ ಯಾವ ಕಚೇರಿಯಿಂದ ಸಿಕ್ಕಿತು? ನಿರ್ಲಕ್ಷ್ಯದ ಮಾತನ್ನು ನಾವು ಎತ್ತಿಯೇ ಇಲ್ಲ. ತನ್ನ ಲಾಭಕ್ಕೆಂದು ತನ್ನ ನೆಲದಲ್ಲಿ ಅಪಾಯದ ವಸ್ತು ಇಟ್ಟುಕೊಂಡವನು, ಅದು ಗಡಿ ದಾಟಿ ಕೇಡು ಮಾಡಿದರೆ, ಎಷ್ಟೇ ಜಾಗ್ರತೆ ವಹಿಸಿದ್ದರೂ ಹೊಣೆ ಹೊರಬೇಕು. ಕೋರ್ಟುಗಳು ಒಪ್ಪಿದ ಈ ಮಾತನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಸೈರನ್ ಕೂಗಿದರೆ ಕಲ್ಲು ನಿಲ್ಲುತ್ತದೆಯೇ? ನಮ್ಮ ತೋಟದಲ್ಲಿ ನಮ್ಮ ಹುಡುಗಿ ಕೂತರೆ ಅದು ಅಪಾಯಕ್ಕೆ ಒಪ್ಪಿದಂತೆಯೇ? ಆ ತೋಟವನ್ನು ಅಪಾಯದ ಸ್ಥಳ ಮಾಡಿದವರು ಯಾರು?

ಕೋರೆ ಮತ್ತೆ ಶುರುವಾಗಿದೆ. ಪ್ರತಿ ಮಧ್ಯಾಹ್ನ ಸೈರನ್ ಕೂಗುತ್ತಲೇ ಅಮ್ಮ ತೋಟದ ಕಡೆ ಹೊರಡುತ್ತಾಳೆ. “ಕೂಸು ಒಬ್ಳೇ ಕೂತವ್ಳೆ ಕಣೇ, ನಾನೂ ಹೋಗ್ತೀನಿ ಬಿಡು” ಎನ್ನುತ್ತಾಳೆ. ರಜೆ ಹಾಕಿ ಬಂದ ನಾನು ಚಿಲಕ ಹಾಕಿ, ಬಾಗಿಲಿಗೆ ಒರಗಿ ನಿಲ್ಲುತ್ತೇನೆ. ಅಮ್ಮನೂ ಕೈತಪ್ಪಿ ಹೋಗುತ್ತಾಳೆಂದು ನನಗೆ ಭಯವಾಗಿದೆ. ಕಲ್ಲು ಗುಡ್ಡದಿಂದ ಬಂದದ್ದು ಎಂದರೆ, “ಸರ್ಕಾರದೋರೇ ಬರ್ದವ್ರೆ, ನಾನೇ ಕೂರ್ಸಿದ್ದು ಅಂತ” ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಆ ವರದಿಯನ್ನು ಹಿಂಪಡೆಯಿರಿ. ಕೋರೆ ನಿಲ್ಲಿಸಿ. ಬರೆದವರೇ ನಮ್ಮ ಮನೆಗೆ ಬಂದು, ಅಮ್ಮನ ಎದುರು ಕೂತು, ಕಲ್ಲು ಯಾರದೆಂದು ಬಾಯಿಬಿಟ್ಟು ಹೇಳಿ. ಸೋಮವಾರ ನನ್ನ ರಜೆ ಮುಗಿಯುತ್ತದೆ. ಆಮೇಲೆ ಸೈರನ್ ಕೂಗಿದರೆ ಚಿಲಕ ಹಾಕಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಇಂತಿ,
ದೇವರ ಮೇಲೆ ದೂರು ಕೊಡಲು ತಿಳಿಯದ,
ಜ್ಯೋತಿಲಕ್ಷ್ಮಿ