ನಾಲ್ಕನೇ ಕೋರ್ಟಿನ ಹೆಸರು

ಮಾರ್ಚ್ 7, ಮಂಗಳವಾರ. ಸಂಜೆ

ಈ ಕಥೆಯನ್ನು ಮೊದಲು ಹೇಳಿದವರು ಕೋಚ್ ಆರ್ವಿಲ್ ಟೀಗ್. 1989ರ ಮಾರ್ಚಿನಲ್ಲಿ, ಇದೇ ಕಾಲೇಜಿನ ಹಳೇ ವ್ಯಾನಿನಲ್ಲಿ. ಆಗ ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದ್ದೆ. ಮರುವರ್ಷ ಹುಡುಗಿಯರ ಟೆನಿಸ್ ಟೀಮು ನನ್ನ ಪಾಲಿಗೆ ಬಂತು, ಕಥೆಯೂ ಬಂತು. ಪ್ರತಿ ಸೀಸನ್ನಿನ ಮೊದಲ ದೂರದ ಪ್ರಯಾಣದಲ್ಲಿ ಹುಡುಗಿಯರಿಗೆ ಹೇಳುತ್ತೇನೆ. ಇವತ್ತೂ ಹೇಳಿದೆ.

ಮಣ್ಣಿನ ಕೋರ್ಟಿಗೆ ಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ ಕಾಲ. ಮ್ಯಾಚಿನ ದಿನ ಬೆಳಗ್ಗೆ ಪಕ್ಕದ ಹೊಲದ ಹಸು ಬೇಲಿ ಹಾರಿ ಬಂತು. ಗೆರೆಯನ್ನೆಲ್ಲ ನೆಕ್ಕಿಬಿಟ್ಟಿತು. ಮತ್ತೆ ಎಳೆಯಲು ಸುಣ್ಣವಿಲ್ಲ. ಹಾಗೇ ಆಡಿದರು. ಕಾಲೇಜು ಟೆನಿಸ್‌ನಲ್ಲಿ ಬಾಲು ಒಳಗೆ ಬಿತ್ತೋ ಹೊರಗೋ ಎಂದು ಹೇಳುವವರು ಆಡುವವರೇ, ಅವರವರ ಬದಿಯದು ಅವರವರು. ಗೆರೆಯೇ ಇಲ್ಲದ ಮೇಲೆ ‘ಹೊರಗೆ’ ಅಂದರೆ ಸುಳ್ಳಾಗುತ್ತದೇನೋ ಅಂತ ಹೆದರಿ, ಇಬ್ಬರೂ ಎಲ್ಲ ಬಾಲನ್ನೂ ‘ಒಳಗೆ, ಒಳಗೆ’ ಅಂದರಂತೆ. ಬೇಲಿಗೆ ಬಡಿದದ್ದೂ ಒಳಗೆ. ಆಟ ಮುಗಿಯಲೇ ಇಲ್ಲ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಕೊನೆಗೆ…

ಅಲ್ಲಿಗೆ ನಿಂತಿತು. ಮುಂದೆ ಏನೂ ಇಲ್ಲ. ರಸ್ತೆ ನೋಡುತ್ತ ವ್ಯಾನು ಓಡಿಸುತ್ತಲೇ ಇದ್ದೆ.

‘ಹೇಳಿ ಕೋಚ್, ಸಸ್ಪೆನ್ಸ್ ಸಾಕು.’ ಹಿಂದಿನಿಂದ ಹ್ಯಾಟಿ. ಟೀಮಿನ ಕ್ಯಾಪ್ಟನ್.

‘ಗೆದ್ದಿದ್ದು ಹಸು ಕಣೆ,’ ಅಂದಳು ಓಡೆಟ್. ‘ನಾನು ಸೇರಿ ನಾಲ್ಕು ವರ್ಷ ಆಯ್ತು, ಪ್ರತಿ ವರ್ಷ ಹಸುನೇ ಗೆಲ್ತಿದೆ. ಅದಕ್ಕೊಂದು ಸ್ಕಾಲರ್‌ಶಿಪ್ ಕೊಡಿಸಿ ಕೋಚ್.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ಕೂತಿದ್ದ ಮರಿಸೋಲ್, ನನ್ನ ಅಸಿಸ್ಟೆಂಟ್, ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, ‘ಮುಂದೆ ಬಲಕ್ಕೆ, ಕೋಚ್,’ ಅಂದಳು.

ಮೂವತ್ತು ವರ್ಷದಿಂದ ಓಡಿಸಿದ ರಸ್ತೆ. ಅವಳು ಹೇಳದಿದ್ದರೆ ನೇರ ಹೋಗುತ್ತಿದ್ದೆ.

ಮಾರ್ಚ್ 11, ಶನಿವಾರ

ಗೆದ್ದೆವು, 5-2. ಈವರೆಗೆ ನನ್ನ ಗೆಲುವು ಒಟ್ಟು ಆರುನೂರ ತೊಂಬತ್ತನಾಲ್ಕು. ಈ ಲೆಕ್ಕ ತಪ್ಪುವುದಿಲ್ಲ.

ತಪ್ಪಿದ್ದು ಬೇರೆ. ಡಬಲ್ಸಿಗೆ ಒಂದು ಪಾಯಿಂಟು, ಆಮೇಲೆ ಸಿಂಗಲ್ಸಿಗೆ ಆರು: ಆರು ಕೋರ್ಟು, ಆರು ಹುಡುಗಿಯರು, ಒಟ್ಟಿಗೇ ಆಡುತ್ತಾರೆ. ಆರರ ಸ್ಕೋರೂ ನನ್ನ ತಲೆಯಲ್ಲಿರುತ್ತಿತ್ತು. ಬೇರೆ ಕಾಲೇಜಿನ ಕೋಚುಗಳು ನನ್ನನ್ನು ಕೋರ್ಟಿಗೆ ಬೆನ್ನು ಹಾಕಿ ನಿಲ್ಲಿಸಿ ಪರೀಕ್ಷೆ ಮಾಡಿ ಸೋತು ಹೋಗಿದ್ದಾರೆ. ಇವತ್ತು ಮೂರನೇ ಕೋರ್ಟು ಇರಬೇಕಾದಲ್ಲಿ ಒಂದು ತೂತು. ಮರೆತ ಹಾಗಲ್ಲ. ಮರೆತರೆ ನಾಲಿಗೆ ತುದಿಯಲ್ಲಾದರೂ ಏನೋ ಇರುತ್ತದೆ.

ಆ ಮೂರನೇ ಕೋರ್ಟಿನಿಂದ ಹ್ಯಾಟಿ ನೀರು ಕುಡಿಯಲು ಬಂದಾಗ, ‘ಗಾಬರಿ ಬೇಡ, ಒಂದೊಂದೇ ಪಾಯಿಂಟು,’ ಅಂದೆ.

‘ಐದು-ಸೊನ್ನೆ ಮುಂದಿದೀನಿ ಕೋಚ್. ಯಾರಿಗೆ ಗಾಬರಿ?’

‘ಅದಕ್ಕೇ ಹೇಳ್ದೆ ಕಣೆ. ಮುಂದಿರೋವಾಗ್ಲೇ ತಲೆ ತಿರುಗೋದು.’

ನಾಲಿಗೆ ಉಳಿಸಿತು. ಇನ್ನೆಷ್ಟು ದಿನ ಉಳಿಸೀತು?

ಅಮ್ಮನಿಗೆ ಶುರುವಾದಾಗ ಅರವತ್ತಮೂರು. ನನಗೆ ಅರವತ್ತೊಂದು. ಕಡಲೆಕಾಯಿ ಹೊಲದ ಪಕ್ಕದ ನಮ್ಮ ಮನೆಯಲ್ಲಿ ಇಪ್ಪತ್ತು ಕೋಳಿ ಇದ್ದವು, ಎಲ್ಲಕ್ಕೂ ಬೈಬಲ್ಲಿನ ಹೆಸರು. ಒಂದು ದಿನ ಅಮ್ಮ ಎಲ್ಲವನ್ನೂ ‘ರೂತ್’ ಅಂತಲೇ ಕರೆದಳು. ನಾವು ನಕ್ಕೆವು. ಒಂದು ವರ್ಷ ಪೂರ್ತಿ ನಕ್ಕೆವು.

ಮಾರ್ಚ್ 25, ಶನಿವಾರ

ಇವತ್ತೇ ಬರೆಯಬೇಕು. ನಾಳೆಗೆ ಬಿಟ್ಟರೆ ಬೇರೆ ಥರ ಆಯಿತೆಂದು ನಾನೇ ನಂಬಿಬಿಡಬಹುದು.

ಮ್ಯಾಚಿಗೆ ಮೊದಲು ಎರಡೂ ಕಡೆಯ ಕೋಚುಗಳು ಕಾರ್ಡಿನ ಮೇಲೆ ಆರು ಹೆಸರು ಬರೆದು ರೆಫರಿ ಎದುರಿಗೆ ಅದಲು ಬದಲು ಮಾಡಿಕೊಳ್ಳುತ್ತೇವೆ. ಬಲದ ಪ್ರಕಾರ, ಒಂದರಿಂದ ಆರು. ಕೈ ಬದಲಾದ ಮೇಲೆ ದೇವರು ಬಂದರೂ ತಿದ್ದುವ ಹಾಗಿಲ್ಲ. ಇವತ್ತೂ ನಾನೇ ಬರೆದೆ. ಪೆನ್ಸಿಲ್ಲಿನಲ್ಲಿ, ದೊಡ್ಡಕ್ಷರ.

ರೆಫರಿ ಓದಿದ. ಒಂದು, ಎರಡು, ಮೂರು. ‘ನಾಲ್ಕನೇ ಕೋರ್ಟು, ಇಬಾರಾ.’

ಇಬಾರಾ ಅಂದರೆ ಮರಿಸೋಲ್. ಎಂಟು ವರ್ಷದ ಹಿಂದೆ ನನ್ನ ಟೀಮಿನಲ್ಲಿ ನಾಲ್ಕನೆಯವಳಾಗಿ ಆಡುತ್ತಿದ್ದಳು. ಈಗ ಮೂವತ್ತು ತುಂಬಿದ ಅಸಿಸ್ಟೆಂಟ್, ಬಾಲಿನ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ಬರೆಯಬೇಕಾಗಿದ್ದದ್ದು ಓಡೆಟ್ ಬ್ರೂಸಾರ್ಡ್. ಓಡೆಟ್ ಆಗಲೇ ನಾಲ್ಕನೇ ಕೋರ್ಟಿನಲ್ಲಿ ಶೂ ಲೇಸು ಬಿಗಿಯುತ್ತಿದ್ದಳು. ಇದು ಅವಳ ಕೊನೆಯ ವರ್ಷ. ಅಪ್ಪ ಅಮ್ಮ ಲೂಸಿಯಾನದಿಂದ ಒಂಬತ್ತು ಗಂಟೆ ಕಾರು ಓಡಿಸಿಕೊಂಡು ಬಂದು ಬೇಲಿಯ ಆಚೆ ಮಡಚುವ ಕುರ್ಚಿ ಹಾಕಿಕೊಂಡಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮರಿಸೋಲ್ ಮುಂದೆ ಹೋದಳು. ‘ತಪ್ಪು ನಂದು ಸಾರ್. ಕಾರ್ಡ್ ಬರ್ದಿದ್ದು ನಾನು. ಕೈ ರೂಢಿ ನೋಡಿ, ನನ್ನ ಹೆಸ್ರೇ ಬರ್ದಿದೀನಿ.’

ಆ ಕಡೆಯ ಕೋಚು ಹೊಟ್ಟೆ ಹಿಡಿದು ನಕ್ಕ. ‘ಇನ್ನೂ ಆಡೋ ಆಸೆ ಇದ್ರೆ ಹೇಳಮ್ಮ, ನಮ್ಮ ಟೀಮಲ್ಲಿ ಜಾಗ ಮಾಡ್ತೀವಿ.’

ನಾಲ್ಕನೇ ಕೋರ್ಟು ಆಡದೆಯೇ ಅವರದಾಯಿತು. ಸೋತೆವು, 4-3.

ವ್ಯಾನಿನ ಹತ್ತಿರ ಓಡೆಟ್, ‘ನಿಮ್ಮ ಕಾಲ ಮುಗೀತು ಮರಿಸೋಲ್. ಇದು ನನ್ನ ವರ್ಷ ಆಗಿತ್ತು,’ ಅಂದಳು. ಮರಿಸೋಲ್ ತಲೆ ತಗ್ಗಿಸಿದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಕೀಲಿಕೈ ಹುಡುಕುವವಳ ಹಾಗೆ ಜೇಬು ತಡವುತ್ತಿದ್ದೆ. ಕೀಲಿಕೈ ಕೈಯಲ್ಲೇ ಇತ್ತು.

ಮಾರ್ಚ್ 26, ಭಾನುವಾರ

ಚರ್ಚಿಗೆ ಹೋಗಲಿಲ್ಲ.

ಮಾರ್ಚ್ 29, ಬುಧವಾರ

ರಸೆಲ್ ಪ್ರುಯಿಟ್ ಕರೆಸಿದ್ದ. ಕಾಲೇಜಿನ ಎಲ್ಲ ಆಟಗಳಿಗೂ ಅವನೇ ಮುಖ್ಯಸ್ಥ. ನನ್ನ ಮುಂದೆಯೇ ಬೆಳೆದವನು.

‘ನೀವು ಬಿಟ್ಟ ಮೇಲೆ ಟೀಮು ಮರಿಸೋಲ್‌ಗೆ ಅಂತ ಮಾತಾಗಿತ್ತು, ವರ್ನಾ. ಆದ್ರೆ ಕಾರ್ಡಲ್ಲಿ ತನ್ನ ಹೆಸ್ರೇ ಬರ್ಕೊಳ್ಳೋಳ ಕೈಗೆ ಹೇಗೆ ಕೊಡ್ಲಿ? ಊರೆಲ್ಲ ನಗ್ತಿದೆ. ಮೇ ತಿಂಗಳಿಗೆ ಅವಳ ಕಾಂಟ್ರ್ಯಾಕ್ಟ್ ಮುಗಿಯತ್ತೆ. ಅಲ್ಲಿಗೇ ನಿಲ್ಲಿಸ್ತೀನಿ.’

‘ಒಂದೇ ತಪ್ಪು, ರಸೆಲ್.’

‘ಮೂವತ್ತನಾಲ್ಕು ವರ್ಷದಲ್ಲಿ ನೀವು ಅಂಥದ್ದು ಒಂದ್ಸಲಾನಾದ್ರೂ ಮಾಡಿದೀರಾ?’

‘ಇಲ್ಲ’ ಅಂದೆ. ಅಂದುಬಿಟ್ಟೆ.

ಏಪ್ರಿಲ್ 12, ಬುಧವಾರ. ಮಧ್ಯಾಹ್ನ

ನಡುವೆ ಎರಡು ಹಾಳೆ ಹರಿದಿವೆ. ಹರಿದದ್ದು ನಾನೇ ಇರಬೇಕು. ಮನೆಯಲ್ಲಿ ಬೇರೆ ಯಾರಿದ್ದಾರೆ.

ಮೇಕನ್ ಪಟ್ಟಣಕ್ಕೆ ಹೋಗಿ ಬಂದೆ, ಡಾಕ್ಟರ ಹತ್ತಿರ. ನಮ್ಮೂರಲ್ಲಾದರೆ ಕಾಯುವ ಕೋಣೆಯಲ್ಲಿ ಕೂತವರೆಲ್ಲ ನನ್ನ ಹಳೇ ಆಟಗಾರ್ತಿಯರ ಅಮ್ಮಂದಿರು.

ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಐದು ಪದ ಹೇಳಿ, ಹತ್ತು ನಿಮಿಷ ಬೇರೆ ಮಾತಾಡಿ, ಈಗ ಹೇಳಿ ಅಂದಳು. ಮೂರು ಹೇಳಿದೆ. ಉಳಿದೆರಡು ಈಗಲೂ ಬಂದಿಲ್ಲ.

‘ಏನು ಕೆಲಸ ಮಾಡ್ತೀರಿ?’

‘ಟೆನಿಸ್ ಕೋಚು.’

‘ಗೆಲ್ತೀರಾ?’

‘ಆರುನೂರ ತೊಂಬತ್ತೊಂಬತ್ತು.’

ಅದು ಮಾತ್ರ ತಟ್ಟನೆ ಬಂತು. ಅವಳು ಬರೆದುಕೊಂಡಳು. ಇನ್ನೂ ಪರೀಕ್ಷೆ ಆಗಬೇಕಂತೆ, ಈಗಲೇ ಏನೂ ಹೇಳಲಾಗದಂತೆ. ಮುಂದಿನ ಸಲ ಮನೆಯವರು ಯಾರನ್ನಾದರೂ ಕರೆದುಕೊಂಡು ಬನ್ನಿ ಅಂದಳು. ಯಾಕೆ ಎಂದು ಕೇಳಲಿಲ್ಲ. ಗೊತ್ತು.

ಹೊರಗೆ ಬಂದರೆ ಯಾವ ಗಾಡಿಯಲ್ಲಿ ಬಂದೆನೆಂದು ತಿಳಿಯಲಿಲ್ಲ. ಕಾಲೇಜಿನ ವ್ಯಾನೋ, ನನ್ನ ಪಿಕಪ್ಪೋ? ಗೊಂಚಲಿನ ಎರಡೂ ಕೀಲಿ ಒತ್ತುತ್ತ ಗಾಡಿಗಳ ಸಾಲಿನುದ್ದಕ್ಕೂ ನಡೆದೆ. ಕೊನೆಗೆ ಒಂದು ಗಾಡಿ ಕೂಗಿತು.

ಏಪ್ರಿಲ್ 15, ಶನಿವಾರ

ಏಳುನೂರು.

ಹಳದಿ ಬಾಲಿನಂಥ ಕೇಕು. ಹುಡುಗಿಯರು ಹಿಂದಿನಿಂದ ಬಂದು ಐಸು ನೀರಿನ ಡಬ್ಬವನ್ನೇ ತಲೆಯ ಮೇಲೆ ಕವುಚಿದರು. ರಸೆಲ್ ಮೈಕು ಕೊಟ್ಟು, ‘ನಿಮ್ಮ ಆರು ಹುಡುಗಿಯರ ಬಗ್ಗೆ ಎರಡೆರಡು ಮಾತು ಹೇಳಿ,’ ಅಂದ. ‘ಆಡಿದ್ದು ಇವರು, ನಾನಲ್ಲ,’ ಎಂದಷ್ಟೇ ಹೇಳಿ ಮೈಕು ವಾಪಸು ಕೊಟ್ಟೆ. ಎಂಥ ವಿನಯ ಅಂತ ಚಪ್ಪಾಳೆ ತಟ್ಟಿದರು.

ಹೆಸರುಗಳು ಬರಲಿಲ್ಲ. ಅಷ್ಟೇ.

ನೀರಿಗೆ ನಡುಗುತ್ತಿದ್ದೇನೆ ಅಂದುಕೊಂಡು ಯಾರೋ ಟವೆಲು ಹೊದಿಸಿದರು.

ಏಪ್ರಿಲ್ 18, ಮಂಗಳವಾರ. ಬೆಳಗ್ಗೆ

ಪೈನ್ ಮರದ ಪರಾಗ, ಹಳದಿ ಪುಡಿ, ಕೋರ್ಟಿನ ತುಂಬ. ಮರಿಸೋಲ್ ಬ್ಲೋವರ್ ಹಿಡಿದು ಊದುತ್ತಿದ್ದಳು. ಹೋಗಿ ನಾನೇ ಆರಿಸಿದೆ.

‘ಎಷ್ಟು ದಿನದಿಂದ ಗೊತ್ತು ನಿಂಗೆ?’

ಯಾವುದು ಎಂದು ಕೇಳಲಿಲ್ಲ. ‘ಜನವರಿಯಿಂದ. ಗೇಟಿನ ಬೀಗದ ನಂಬರು ಒಂದೇ ದಿನ ಮೂರು ಸಲ ಕೇಳಿದ್ರಿ.’

‘ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ಕೇಳ್ತಿದ್ರಾ? ಕೋರ್ಟಿನ ಸುತ್ತ ಹತ್ತು ರೌಂಡು ಓಡಿಸ್ತಿದ್ರಿ.’

‘ಇಪ್ಪತ್ತು.’

ಇಬ್ಬರೂ ನಕ್ಕೆವು. ಆಮೇಲೆ ನಗು ಎಲ್ಲಿಗೋ ಹೋಯಿತು.

‘ಕೆಲಸ ಹೋಗತ್ತೆ ಕಣೆ ನಿಂದು. ರಸೆಲ್ ಹೇಳಿದಾನೆ.’

‘ಗೊತ್ತು. ನಂಗೆ ಬೇರೆ ಸಿಗತ್ತೆ. ನಿಮಗೆ ಬೇರೆ ಸಿಗಲ್ಲ ಕೋಚ್.’ ಬ್ಲೋವರಿನ ದಾರ ಹಿಡಿದುಕೊಂಡೇ ಹೇಳಿದಳು. ‘ಇನ್ನು ಹತ್ತು ದಿನ ಸೀಸನ್ನು. ಕಾರ್ಡು ನಾನೇ ಬರೀತೀನಿ. ಸುಮ್ನಿದ್ಬಿಡಿ. ಏಳುನೂರರ ಮೇಲೆ ನಿಂತು ಹೋಗಿ.’

ಬ್ಲೋವರ್ ಮತ್ತೆ ಶುರುಮಾಡಲು ದಾರ ಎಳೆದಳು. ಹಳದಿ ಪುಡಿ ಎದ್ದು ಇಬ್ಬರ ಮೇಲೂ ಕೂತಿತು.

ಎಲ್ಲಿ ಸಿಗುತ್ತದೆ ಅವಳಿಗೆ ಬೇರೆ? ಆ ನಕ್ಕ ಕೋಚು ಹೋದಲ್ಲೆಲ್ಲ ಕಥೆ ಮಾಡಿ ಹೇಳುತ್ತಿದ್ದಾನೆ. ನಾನು ಹಸುವಿನ ಕಥೆ ಹೇಳುವ ಹಾಗೆ ಅವನು ಮೂವತ್ತು ವರ್ಷ ಹೇಳುತ್ತಾನೆ.

ಇನ್ನೊಂದು ಭಯ. ಇವತ್ತು ಹೇಳದೆ ಹೋದರೆ, ಮುಂದೆ ಹೇಳಬೇಕೆನ್ನಿಸುವ ಹೊತ್ತಿಗೆ ಏನು ಹೇಳಬೇಕೆಂಬುದೇ ನನ್ನಲ್ಲಿ ಇಲ್ಲದಿದ್ದರೆ? ಮರಿಸೋಲ್ ತಪ್ಪು ಮಾಡಿದಳು ಎಂದು ನಾನೇ ಎಲ್ಲರಿಗೂ ಹೇಳುತ್ತ ಕೂತರೆ? ನಗುತ್ತ?

ಏಪ್ರಿಲ್ 21, ಶುಕ್ರವಾರ. ಸಂಜೆ ಏಳು

ನಾಳೆ ಟೂರ್ನಿ. ಮೋಟೆಲು.

ನಾಲ್ಕು ಗಂಟೆಗೆ ರಸೆಲ್‌ಗೆ ಫೋನು ಮಾಡಿದೆ. ಕಾಗದದ ಮೇಲೆ ಬರೆದುಕೊಂಡು ಓದಿದೆ. ಕಾರ್ಡು, ಮೇಕನ್, ಐದು ಪದ. ಅವನು ಕೊನೆಯವರೆಗೂ ಕೇಳಿಸಿಕೊಂಡ.

‘ನಾಳೆ ಕಾರ್ಡು ಅವಳು ಬರೀಲಿ. ನೀವು ಬೆಂಚಲ್ಲಿ ಕೂತ್ಕೊಳಿ. ಸೋಮವಾರ ಬನ್ನಿ, ಮಾತಾಡಣ.’

‘ಅವಳ ಕೆಲಸ?’

‘ಅದೂ ಸೋಮವಾರ, ವರ್ನಾ.’

ಆಮೇಲೆ ಊಟದ ಕೋಣೆಯಲ್ಲಿ ಹುಡುಗಿಯರಿಗೆ ಹೇಳಿದೆ. ಪೀಟ್ಸಾ ಆರುತ್ತಿತ್ತು. ಕಾಗದ ಇಲ್ಲದೆಯೇ ಹೇಳಿದೆ. ಮರಿಸೋಲ್ ಎರಡು ಸಲ ‘ಕೋಚ್, ಬೇಡ’ ಅಂದಳು. ಬಿಡಲಿಲ್ಲ.

ಮೊದಲು ಮಾತಾಡಿದ್ದು ಓಡೆಟ್. ‘ಒಂದು ತಿಂಗಳು ನಾನು ಮರಿಸೋಲ್ ಮುಖ ನೋಡಿ ಮಾತಾಡಿಲ್ಲ. ನೀವು ನೋಡ್ತಾ ಇದ್ರಿ.’

‘ನೋಡ್ತಾ ಇದ್ದೆ.’

‘ನಮ್ಮಪ್ಪ ಇವತ್ತಿಗೂ ಅವರನ್ನ ಬೈತಾರೆ. ಅದೂ ಗೊತ್ತಿತ್ತು ನಿಮಗೆ.’

‘ಗೊತ್ತಿತ್ತು.’

ತಟ್ಟೆಯನ್ನು ಪೀಟ್ಸಾ ಸಮೇತ ಕಸದ ಡಬ್ಬಕ್ಕೆ ಹಾಕಿ ಎದ್ದು ಹೋದಳು.

ಹ್ಯಾಟಿ ತಮಾಷೆ ಮಾಡಿ ಕೋಣೆಯನ್ನು ಹಗುರ ಮಾಡಲು ನೋಡಿದಳು, ಪಾಪ. ‘ನಮ್ಮ ಹೆಸರಾದ್ರೂ ಗೊತ್ತಲ್ವಾ ಕೋಚ್?’ ಒಬ್ಬೊಬ್ಬರನ್ನೇ ನೋಡುತ್ತ ಹೇಳಿದೆ. ಹೊರಗೆ ಹೋದವಳೂ ಸೇರಿ ಐದು ಬಂತು. ಎಲ್ಲರಿಗಿಂತ ಚಿಕ್ಕವಳು, ಈ ವರ್ಷ ಸೇರಿದವಳು, ಸ್ವಲ್ಪ ಹೊತ್ತು ಕಾದಳು. ಆಮೇಲೆ ಕ್ಲಾಸಿನಲ್ಲಿ ಹಾಜರಿ ಕೂಗಿದಂತೆ ತಾನೇ ಕೈ ಎತ್ತಿದಳು. ‘ವಿಲ್ಲಾ, ಕೋಚ್.’

ಯಾರೂ ನಗಲಿಲ್ಲ.

ಏಪ್ರಿಲ್ 22, ಶನಿವಾರ. ಬೆಳಗ್ಗೆ 10.50. ಕೋರ್ಟಿನ ಬೆಂಚು

ಕಾರ್ಡು ಮರಿಸೋಲ್ ಬರೆದಳು. ರೆಫರಿ ಓದುವಾಗ ಕಣ್ಣು ಮುಚ್ಚಿಕೊಂಡಿದ್ದೆ. ‘ನಾಲ್ಕನೇ ಕೋರ್ಟು, ಬ್ರೂಸಾರ್ಡ್.’ ಸರಿ.

ಓಡೆಟ್ ತಿಂಡಿಗೆ ಬಂದಿದ್ದಳು. ಮರಿಸೋಲ್ ಪಕ್ಕದಲ್ಲಿ ಕೂತಳು. ನನ್ನ ಕಡೆ ನೋಡಲಿಲ್ಲ.

ಡಬಲ್ಸ್ ಎದುರಿನವರ ಪಾಲಾಯಿತು. ಈಗ ಆರೂ ಕೋರ್ಟಿನಲ್ಲಿ ಸಿಂಗಲ್ಸ್. ಕೈಯಲ್ಲಿ ಏನಾದರೂ ಇರಲಿ ಅಂತ ಈ ಡೈರಿ ತಂದಿದ್ದೇನೆ.

ಸರ್ವ್ ಮಾಡುವವರು ಪ್ರತಿ ಪಾಯಿಂಟಿಗೆ ಮೊದಲು ಸ್ಕೋರು ಹೇಳಬೇಕು ಅಂತ ರೂಲು. ಎಲ್ಲರೂ ಬಾಯೊಳಗೇ ಗೊಣಗಿ ಮುಗಿಸುವವರೇ. ಮೊದಲ ಗೇಮಿನಲ್ಲಿ ನಾಲ್ಕನೇ ಕೋರ್ಟಿನಿಂದ ಒಂದು ಕೂಗು ಬಂತು. ‘ಹದಿನೈದು-ಸೊನ್ನೆ.’ ಓಡೆಟ್. ಎದುರಾಳಿಗೆ ಬೆನ್ನು ಹಾಕಿ, ಬೆಂಚಿನ ಕಡೆ, ನನ್ನ ಕಡೆ ತಿರುಗಿ. ಬೈದ ಹಾಗಿತ್ತು. ಮತ್ತೆ, ‘ಮೂವತ್ತು-ಸೊನ್ನೆ.’ ಇನ್ನೂ ಜೋರು. ಗೇಮು ಮುಗಿದಾಗ, ‘ನಾಲ್ಕನೇ ಕೋರ್ಟು, ಒಂದು-ಸೊನ್ನೆ. ಬರ್ಕೊಳಿ ಕೋಚ್.’

ಆಮೇಲೆ ಮೂರನೆಯದರಿಂದ ಹ್ಯಾಟಿ. ಆಮೇಲೆ ಒಂದನೆಯದು, ಆರನೆಯದು. ಎದುರಾಳಿ ಸರ್ವ್ ಮಾಡಿ ಗೊಣಗಿದರೂ ನಮ್ಮವರು ಅದನ್ನು ಗಟ್ಟಿಯಾಗಿ ಮತ್ತೆ ಹೇಳುತ್ತಾರೆ. ಆರು ಕೋರ್ಟಿನಿಂದಲೂ, ಸಂತೆಯ ಹಾಗೆ.

ಆ ಕಡೆಯ ಕೋಚು ರೆಫರಿ ಹತ್ತಿರ ಓಡಿದ. ‘ಇದೇನ್ರೀ ಗಲಾಟೆ? ನಮ್ಮ ಮಕ್ಳು ಆಡೋದು ಹೇಗೆ?’

‘ಸ್ಕೋರು ಹೇಳ್ಬೇಕು ಅಂತಿದೆ ಸ್ವಾಮಿ. ಮೆಲ್ಲಗೆ ಹೇಳ್ಬೇಕು ಅಂತ ಎಲ್ಲೂ ಇಲ್ಲ.’

ಮರಿಸೋಲ್ ಆಚೆ ಬೇಲಿಯ ಹತ್ತಿರ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಪೈನ್ ಪುಡಿ ಅಂತಾಳೆ ಕೇಳಿದರೆ.

ಬರೆದುಕೊಳ್ಳುತ್ತಿದ್ದೇನೆ, ಕೂಗಿದ ಹಾಗೆ.

ಒಂದನೇ ಕೋರ್ಟು, ಮೂರು-ಎರಡು. ಎರಡು, ಒಂದು-ನಾಲ್ಕು. ಮೂರು, ಹ್ಯಾಟಿ, ನಾಲ್ಕು-ಮೂರು. ನಾಲ್ಕು, ಓಡೆಟ್, ಐದು-ಎರಡು. ಐದು, ಆ ಚಿಕ್ಕವಳು, ಈಗಷ್ಟೇ ಕೂಗಿದಳು, ನನ್ನನ್ನೇ ನೋಡಿ ಕೂಗಿದಳು, ಈಗಷ್ಟೇ…